ನೀವು ಕೈಟ್‌ಬೋರ್ಡು ಕೇಳಿದಾಗ ನಾವು ತೂಕ ಯಾಕೆ ಕೇಳುತ್ತೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ಹೋದ ವಾರದಿಂದ ನಮ್ಮ ಆರ್ಡರ್ ಫಾರಂನಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ನಿಮ್ಮ ತೂಕ ಎಷ್ಟು? ಈ ಒಂದು ಸಾಲಿಗೆ ಬಂದಷ್ಟು ಬೈಗುಳ ಕಳೆದ ಸಲ ಬೆಲೆ ಏರಿಸಿದಾಗಲೂ ಬಂದಿರಲಿಲ್ಲ. ‘ಹೆಣ್ಣು ನೋಡೋಕೆ ಹೋದಾಗ ಅವರ ಮನೆಯವರೂ ಇದನ್ನ ಕೇಳಲಿಲ್ಲ’ ಎಂದು ಒಬ್ಬರು ಬರೆದಿದ್ದರು. ಓದಿ ನಕ್ಕೆವು. ಆದರೆ ಉತ್ತರ ಕೊಡಬೇಕಲ್ವಾ.

ಬದಲಾವಣೆ ಇಷ್ಟೇ. ತೂಕ 85 ಕಿಲೋ ದಾಟಿದ್ದು, ಕೈಟ್‌ಬೋರ್ಡಿಂಗ್ (ಕೈಟ್ ಎಂಬ ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಓಡುವ ಆಟ) ಈಗಷ್ಟೇ ಕಲಿಯುತ್ತಿದ್ದರೆ, 138 ಸೆಂಟಿಮೀಟರ್ ಬೋರ್ಡು ನಮ್ಮಲ್ಲಿ ಇನ್ನು ಸಿಗುವುದಿಲ್ಲ. ಮಾರಾಟಕ್ಕೂ ಇಲ್ಲ, ಬಾಡಿಗೆಗೂ ಇಲ್ಲ. 100 ಕಿಲೋವರೆಗಿನವರಿಗೆ 148 ಉದ್ದ, 44 ಅಗಲದ್ದು ಕೊಡುತ್ತೇವೆ. ಅದಕ್ಕಿಂತ ಜಾಸ್ತಿ ಇದ್ದರೆ 160 ಉದ್ದ, 46 ಅಗಲದ್ದು. ಬಾಡಿಗೆ ಮೂರಕ್ಕೂ ಒಂದೇ. ಕೊಳ್ಳುವವರಿಗೆ ಮಾತ್ರ ದೊಡ್ಡದಕ್ಕೆ ಬೆಲೆ ಸ್ವಲ್ಪ ಜಾಸ್ತಿ ಆಗುತ್ತದೆ, ಮತ್ತೆ ಆ ಎರಡಕ್ಕೂ ಉಚಿತ ಸಾಗಣೆ ನಿಂತಿದೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಹೋದ ಎರಡು ಸೀಸನ್ ನಾವು ಎಲ್ಲರಿಗೂ 138ನ್ನೇ ಕೊಟ್ಟೆವು. ಗೋಡೌನಿನಲ್ಲಿ ಇದ್ದದ್ದೇ ಅದು. 70-75 ಕಿಲೋದವರಿಗೆ ಅದು ಚೆನ್ನಾಗಿಯೇ ಓಡುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ 98 ಕಿಲೋದ ಒಬ್ಬರು ಅದನ್ನು ಕೊಂಡು ರಾಮೇಶ್ವರಕ್ಕೆ ಹೋಗಿ, ಐದು ದಿನ ಕ್ಲಾಸು ಮುಗಿಸಿ, ಕೊನೆಯ ದಿನ ಸಂಜೆ ಫೋನ್ ಮಾಡಿ ‘ಈ ಆಟ ನನಗೆ ಆಗಿಬರಲ್ಲ ಬಿಡಿ’ ಎಂದರು. ಗಾಳಿ ಚೆನ್ನಾಗಿತ್ತಂತೆ. ಕಲಿಸಿದವರೂ ಒಳ್ಳೆಯವರೇ. ವಾಟರ್ ಸ್ಟಾರ್ಟ್ ಮಾಡಿ, ಅಂದರೆ ನೀರಿನಲ್ಲಿ ಇದ್ದಲ್ಲಿಂದಲೇ ಕೈಟ್‌ನ ಎಳೆತಕ್ಕೆ, ಎದ್ದು ನಿಲ್ಲುವುದು, ಎರಡು ಸೆಕೆಂಡಿಗೆ ಮೊಣಕಾಲವರೆಗೆ ಇಳಿದುಬಿಡುವುದು, ಆಮೇಲೆ ಬೋರ್ಡು ಹುಡುಕುತ್ತಾ ನೀರಲ್ಲಿ ಎಳೆಸಿಕೊಂಡು ಹೋಗುವುದು, ಐದು ದಿನವೂ ಇದೇ ಕತೆ. ಅವರು ತಮ್ಮ ಮೈಯನ್ನೇ ಬೈದುಕೊಳ್ಳುತ್ತಿದ್ದರು. ನಾವು ಕಟ್ಟಿಕೊಟ್ಟ ಹಲಗೆಯೇ ಸಣ್ಣದು ಎಂದು ಹೇಳಲು ನನಗೆ ಅವತ್ತು ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ. ಕ್ಷಮಿಸಿ.

ಇನ್ನು ಬೆಲೆ. ‘ಹತ್ತು ಸೆಂಟಿಮೀಟರ್ ಹಲಗೆಗೆ ಇಷ್ಟು ದುಡ್ಡಾ’ ಎನ್ನುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಏರ್ ಕೊರಿಯರ್‌ನವರು ಬೋರ್ಡನ್ನು ಬರೀ ತಕ್ಕಡಿಗೆ ಇಡುವುದಿಲ್ಲ, ಟೇಪೂ ಹಿಡಿಯುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ನಿಜ ತೂಕಕ್ಕಿಂತ ಜಾಸ್ತಿ ಇದ್ದರೆ ಅದೇ ಕಿಲೋ. ನಮ್ಮ 160ರ ಪೆಟ್ಟಿಗೆ 168, 52, 12 ಸೆಂಟಿಮೀಟರ್. ಲೆಕ್ಕ ಹಾಕಿ ನೋಡಿ, 21 ಕಿಲೋ. ಒಳಗಿರುವ ಬೋರ್ಡು, ಪ್ಯಾಡು, ಸ್ಟ್ರಾಪು, ಫಿನ್ನು ಎಲ್ಲ ಸೇರಿ ಐದು ಕಿಲೋ ದಾಟುವುದಿಲ್ಲ. ಮಿಕ್ಕ 16 ಕಿಲೋ ಬರೀ ಗಾಳಿ! ಗಾಳಿ ನಂಬಿ ಬದುಕುವವರು ನಾವು, ಅದಕ್ಕೂ ಬಾಡಿಗೆ ಕಟ್ಟುತ್ತಿದ್ದೇವೆ. ಇದರ ಮೇಲೆ ಉದ್ದದ ಪೆಟ್ಟಿಗೆ ಎಂದು ಬೇರೆ ಚಾರ್ಜು. ಆಮದು ಸುಂಕ ಹಾಕುವಾಗ ಈ ಸಾಗಣೆಯ ಖರ್ಚನ್ನೂ ಬೆಲೆಗೆ ಸೇರಿಸಿಯೇ ಹಾಕುತ್ತಾರೆ, ಆಮೇಲೆ ಎಲ್ಲದರ ಮೇಲೆ ಜಿಎಸ್‌ಟಿ. ಹೋದ ಸಲ ಒಂದು ಬೋರ್ಡಿನ ಮೂತಿ ಒಡೆದು ಬಂತು. ಕೊರಿಯರ್‌ನವರು ಪ್ಯಾಕಿಂಗ್ ಸರಿಯಿಲ್ಲ ಎಂದು ನಮ್ಮ ಮೇಲೇ ಹಾಕಿ ಕೈ ತೊಳೆದುಕೊಂಡರು. ಆ ಬೋರ್ಡು ಈಗ ಅಂಗಡಿಯಲ್ಲಿ ಬಿಲ್ಲು ಪುಸ್ತಕ ಇಡುವ ಕಪಾಟು. ನಾವು ಲಾಭ ಮಾಡಬಾರದು ಎಂದಲ್ಲ, ಮಾಡುತ್ತೇವೆ. ಆದರೆ ದೊಡ್ಡ ಬೋರ್ಡಿನಲ್ಲಿ ಸಿಗುವುದು ಸಣ್ಣದರಲ್ಲಿ ಸಿಗುವುದಕ್ಕಿಂತ ಕಡಿಮೆ.

ಈಗ ಎಲ್ಲರೂ ಹೇಳುತ್ತಿರುವ ಒಂದು ಮಾತಿಗೆ ಬರುತ್ತೇನೆ. ‘ದೊಡ್ಡ ಬೋರ್ಡು ಆರು ತಿಂಗಳಿಗೆ ಬೇಜಾರು ಬರುತ್ತದೆ, ಆಮೇಲೆ ಸಣ್ಣದು ಕೊಳ್ಳಲೇಬೇಕು, ಒಬ್ಬನಿಗೇ ಎರಡು ಸಲ ಮಾರುವ ಉಪಾಯ ಇದು.’

ಇದಕ್ಕೆ ಉತ್ತರ ಹೇಳುವ ಮೊದಲು ಬೋರ್ಡು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ. ಬೋರ್ಡು ನಿಮ್ಮನ್ನು ತೇಲಿಸುವುದಿಲ್ಲ. ನಿಂತ ನೀರಿನಲ್ಲಿ ಮೇಲೆ ಹತ್ತಿದರೆ 138 ಮುಳುಗುತ್ತದೆ, 160 ಕೂಡ ಮುಳುಗುತ್ತದೆ. ಅದು ಎತ್ತಿ ಹಿಡಿಯುವುದು ಓಡುವಾಗ. ಚಿಕ್ಕವರಿದ್ದಾಗ ಹೆಂಚಿನ ಚೂರನ್ನು ಹೊಳೆಗೆ ಎಸೆದಿದ್ದೀರಲ್ಲ? ಅಗಲಕ್ಕೆ, ಚಪ್ಪಟೆಯಾಗಿ ಬಿದ್ದರೆ ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತದೆ, ವೇಗ ಸತ್ತ ಕೂಡಲೇ ತಳಕ್ಕೆ. ಬೋರ್ಡೂ ಹಾಗೆಯೇ. ಮೇಲಿನ ಭಾರ ಜಾಸ್ತಿ ಇದ್ದು ಹಲಗೆ ಸಣ್ಣದಿದ್ದರೆ ನೀರಿನ ಮೇಲೆ ಏಳಲು ಹೆಚ್ಚು ವೇಗ ಬೇಕು. ಕಲಿಯುವವರ ಹತ್ತಿರ ಇಲ್ಲದಿರುವುದೇ ಆ ವೇಗ.

ವೇಗ ಎಲ್ಲಿಂದ ತರುತ್ತೀರಿ? ದೊಡ್ಡ ಕೈಟ್ ಹಾರಿಸಿಯೇ ತರಬೇಕು. ನಮಗೆ ಇಷ್ಟವಾಗದ್ದು ಇದೇ. ಬಾಯಿಲೆಕ್ಕ ಒಂದಿದೆ: ಕಿಲೋದಲ್ಲಿ ತೂಕವನ್ನು ನಾಟ್‌ನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿಯ ವೇಗದಿಂದ ಭಾಗಿಸಿ 2.2ರಿಂದ ಗುಣಿಸಿದರೆ ಎಷ್ಟು ಚದರ ಮೀಟರ್ ಕೈಟ್ ಬೇಕು ಎಂದು ಸುಮಾರಾಗಿ ಬರುತ್ತದೆ. 15 ನಾಟ್ ಗಾಳಿಯಲ್ಲಿ 70 ಕಿಲೋದವರಿಗೆ 10 ಸಾಕು. 95 ಕಿಲೋದವರಿಗೆ 14 ಬೇಕು. 14ರ ಕೈಟ್ ನಿಧಾನಕ್ಕೆ ತಿರುಗುತ್ತದೆ, ಗಾಳಿ ಒಮ್ಮೆ ಬೀಸಿ ಹೊಡೆದರೆ ಎಳೆತ ಹೊಸಬರ ಕೈಗೆ ಸಿಗುವುದಿಲ್ಲ. ಸರಿಯಾದ ಬೋರ್ಡು ಕಾಲಲ್ಲಿದ್ದರೆ ಅದೇ ಮನುಷ್ಯ 12ರಲ್ಲೇ ಎದ್ದು ಹೋಗಬಹುದು. ನಾವು ದೊಡ್ಡ ಬೋರ್ಡು ಎನ್ನುವುದು ನಿಮಗೆ ಸಣ್ಣ ಕೈಟ್ ಸಾಕಾಗಲಿ ಎಂದು. ಎರಡು ಕೈಟ್‌ಗಳ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾವುದು ಮಾರಿದರೆ ನಮಗೆ ಜಾಸ್ತಿ ದುಡ್ಡು ಎಂದು ಆಮೇಲೆ ಹೇಳಿ.

ಇನ್ನೊಂದು, ಎಲ್ಲರೂ ಉದ್ದ ಕೇಳುತ್ತಾರೆ, ಅಗಲ ಯಾರೂ ಕೇಳುವುದಿಲ್ಲ. 138ರಿಂದ 148ಕ್ಕೆ ಹೋದರೆ ಹಲಗೆಯ ವಿಸ್ತಾರ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಅಗಲ 41ರಿಂದ 44 ಆದರೂ ಅಷ್ಟೇ ಹೆಚ್ಚುತ್ತದೆ. ಅಂದರೆ ಅಗಲದ ಮೂರು ಸೆಂಟಿಮೀಟರ್ ಉದ್ದದ ಹತ್ತಕ್ಕೆ ಸಮ. ‘145 ಇದೆ, ಅರ್ಧ ಬೆಲೆಗೆ ಸಿಗುತ್ತೆ, ತಗೊಳ್ಳಲಾ’ ಎಂದು ಫೋಟೋ ಕಳಿಸುತ್ತೀರಿ. ತಿರುಗಿಸಿ ಅಗಲ ನೋಡಿ, 40 ಇರುತ್ತದೆ. ನೆಲದ ಮೇಲಿಟ್ಟು ರಾಕರ್, ಅಂದರೆ ಹಲಗೆಯ ಬಾಗು, ಕೂಡ ನೋಡಿ. ಎರಡೂ ತುದಿ ಬಾಳೆಹಣ್ಣಿನ ಹಾಗೆ ಮೇಲೆದ್ದಿದ್ದರೆ ಅಲೆಯಲ್ಲಿ ಮೆತ್ತಗೆ ಹೋಗುತ್ತದೆ, ಆದರೆ ಬೇಗ ಏಳುವುದಿಲ್ಲ. ಭಾರ ಇರುವವರಿಗೆ, ಕಲಿಯುವವರಿಗೆ ಚಪ್ಪಟೆಯೇ ವಾಸಿ. ತೀರಾ ಬಳುಕುವ ಬೋರ್ಡೂ ಬೇಡ, 95 ಕಿಲೋ ಮೇಲೆ ನಿಂತರೆ ಬಿಲ್ಲಿನ ಹಾಗೆ ಬಾಗುತ್ತದೆ.

ಆರು ತಿಂಗಳ ಬೇಜಾರಿನ ವಿಷಯ. ನಿಜ, ಜೋರು ಗಾಳಿಯಲ್ಲಿ ದೊಡ್ಡ ಬೋರ್ಡು ಅಂಚಿನ ಮೇಲೆ ನಿಲ್ಲಿಸಲು ಕಷ್ಟ, ಸಣ್ಣ ಅಲೆಗಳಿಗೆ ಪಟಪಟ ಬಡಿದು ಮೊಣಕಾಲು ನೋಯಿಸುತ್ತದೆ. ಅದಕ್ಕೇ 88 ಕಿಲೋದವರು 160 ಕೇಳಿದರೂ ಬೇಡ ಎನ್ನುತ್ತೇವೆ. ಆದರೆ 95 ಕಿಲೋದವರಿಗೆ 148 ಕಲಿಯುವಾಗಿನ ಬೋರ್ಡು ಮಾತ್ರ ಅಲ್ಲ, ಕಲಿತ ಮೇಲೂ ನಡೆಯುತ್ತದೆ. ಮುಂದೆ ಇನ್ನೊಂದು ಸಣ್ಣದು ಕೊಂಡರೂ ಇದು ಮಂದ ಗಾಳಿಯ ದಿನಕ್ಕೆ ಉಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಬೇಸಿಗೆಯ ಮಧ್ಯಾಹ್ನ ಬರುವ ಕಡಲ ಗಾಳಿ ಎಷ್ಟು ಎಂದು ಇಲ್ಲಿ ಕೈಟ್ ಬಿಚ್ಚಿ ಕಾದವರಿಗೆ ಗೊತ್ತು. ಮುಖ್ಯವಾಗಿ ದೊಡ್ಡ ಬೋರ್ಡಿನಲ್ಲಿ ಗಾಳಿಗೆ ಎದುರಾಗಿ ಏರುವುದು (ಓರೆಯಾಗಿ ಓಡಿ ಹೊರಟ ಜಾಗಕ್ಕೇ ಮರಳುವುದು) ಬೇಗ ಬರುತ್ತದೆ. ಅದು ಬಾರದಿದ್ದರೆ ಏನಾಗುತ್ತದೆ ಎಂದು ನಿಮಗೇ ಗೊತ್ತಲ್ಲ: ಐದು ನಿಮಿಷ ಸವಾರಿ, ಅರ್ಧ ಗಂಟೆ ಬೋರ್ಡು ಕಂಕುಳಲ್ಲಿಟ್ಟು ಮರಳಿನಲ್ಲಿ ವಾಪಸ್ ನಡಿಗೆ.

(ಮಳೆಗಾಲದಲ್ಲಿ ಇಲ್ಲೇ ಗಾಳಿ ಇದೆಯಲ್ಲ ಎಂದು ಈ ವರ್ಷವೂ ಕೆಲವರು ಕೇಳಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗುವುದಿಲ್ಲ. ಹೊಸಬರಿಗೆ ಆ ಕಡಲಿಗೆ ಬೋರ್ಡು ಕೊಡುವುದಿಲ್ಲ, ಸುಮ್ನೆ ಕೇಳಬೇಡಿ.)

ನಮ್ಮಲ್ಲಿ ಹೋದ ಎರಡು ಸೀಸನ್‌ನಲ್ಲಿ 138 ಕೊಂಡವರು 85 ಕಿಲೋ ಮೇಲಿದ್ದರೆ, ವಾಪಸ್ ತನ್ನಿ. ಗೀರು ಬಿದ್ದಿದ್ದರೂ ಪರವಾಗಿಲ್ಲ, ಒಡೆದಿರಬಾರದು ಅಷ್ಟೇ. ಕೊಟ್ಟ ಪೂರ್ತಿ ದುಡ್ಡನ್ನು ದೊಡ್ಡದರ ಬೆಲೆಯಲ್ಲಿ ಕಳೆಯುತ್ತೇವೆ. ಇದರಿಂದ ನಮಗೆ ನಷ್ಟ, ಅದನ್ನು ಮುಚ್ಚಿಡುವುದಿಲ್ಲ, ಆದರೆ ತಪ್ಪು ನಮ್ಮದು. ವಾಪಸ್ ಬಂದವನ್ನು ಬಾಡಿಗೆಗೆ ಹಾಕುತ್ತೇವೆ, ಸಣ್ಣ ಮೈಯವರಿಗೆ. ಆ 98 ಕಿಲೋದ ಗ್ರಾಹಕರೇ, ಇದನ್ನು ಓದುತ್ತಿದ್ದರೆ ನಿಮ್ಮದು ಮೊದಲು. ನಿಮಗೆ ಸಾಗಣೆಯೂ ನಮ್ಮದೇ.

ತೂಕ ಬರೆಯಲು ಮುಜುಗರವಾದರೆ ಆ ಸಾಲು ಖಾಲಿ ಬಿಡಿ, ನಾನೇ ಫೋನ್ ಮಾಡುತ್ತೇನೆ. ಕಾಲಿನ ಅಳತೆಯನ್ನೂ ಆಗಲೇ ಹೇಳಿ, 11ರ ಪಾದ ನಮ್ಮ ಮಾಮೂಲಿ ಸ್ಟ್ರಾಪಿಗೆ ಹೋಗುವುದಿಲ್ಲ, ಬೇರೆ ಹಾಕಿಸಬೇಕು. ನನ್ನ ತೂಕ 94. ನನ್ನ ಹತ್ತಿರ ಇರುವುದು 148.

ನಿಮ್ಮವ,
ಮೂಲ್ಕಿಯ ಬೋರ್ಡು ಅಂಗಡಿಯಿಂದ

ಭಾನುವಾರ ಮಧ್ಯಾಹ್ನ ಗಾಳಿ ಇದ್ದರೆ ಅಂಗಡಿ ಮುಚ್ಚಿರುತ್ತದೆ, ಅದು ಮಾತ್ರ ಬದಲಾಗಿಲ್ಲ.