ಅಟ್ಟದ ಮೇಲೆ ಸಿಕ್ಕ ನಿನ್ನ ಡಬ್ಬ, ನಮ್ಮ ಹಳೇ ಜಗಳ

ಲೋ ಗೆಳೆಯಾ,

ಹೋದ ಭಾನುವಾರ ಅಮ್ಮ ಅಟ್ಟ ಖಾಲಿ ಮಾಡಿಸಿದರು. ಹಬ್ಬ ಹತ್ತಿರ ಬಂದರೆ ನಮ್ಮ ಮನೆಯಲ್ಲಿ ಏನು ನಡೆಯುತ್ತದೆ ಅಂತ ನಿನಗೆ ಗೊತ್ತಲ್ಲ, ನಾನು ಏಣಿ ಮೇಲೆ, ಅವರು ಕೆಳಗೆ ನಿಂತು ಆರ್ಡರ್ ಮಾಡೋದು. ಹಿತ್ತಾಳೆ ಕೊಳಗದ ಹಿಂದೆ ನಿನ್ನ ರಟ್ಟಿನ ಡಬ್ಬ ಸಿಕ್ಕಿತು. ಪುಣೆಗೆ ಹೊರಟಾಗ "ಎರಡು ತಿಂಗಳು ಇಟ್ಟಿರೋ, ಮನೆ ಸಿಕ್ಕಿದ ಮೇಲೆ ತಗೊಂಡು ಹೋಗ್ತೀನಿ" ಅಂದಿದ್ದೆ. ನಿನ್ನ ಆ ಎರಡು ತಿಂಗಳು ಹದಿನೈದು ವರ್ಷ ದಾಟಿದೆ. ಅಮ್ಮ "ರದ್ದಿಗೆ ಹಾಕ್ಲಾ?" ಅಂದರು. ಬೇಡ ಅಂದೆ. ಅಲ್ಲಿಗೆ ಕ್ಲೀನಿಂಗ್ ನಿಂತಿತು. ನಾನು ಡಬ್ಬದ ಪಕ್ಕ ನೆಲದ ಮೇಲೆ ಕೂತವನು ಸಂಜೆವರೆಗೂ ಏಳಲಿಲ್ಲ.

ಒಳಗೆಲ್ಲ ಕಾಮಿಕ್ಸ್, ಮುಕ್ಕಾಲು ಪಾಲು ಅಮೆರಿಕದ ಡಿಸಿ ಕಂಪನಿಯದು. ಬ್ಯಾಟ್‌ಮ್ಯಾನ್ ಜಾಸ್ತಿ, ಸೂಪರ್‌ಮ್ಯಾನ್ ಸ್ವಲ್ಪ, ಕವರ್ ಹರಿದ ಫ್ಲ್ಯಾಶ್ ಒಂದೆರಡು. ಹಳೇ ಕಾಗದದ ಆ ಹುಳಿ ವಾಸನೆ ಹಾಗೇ ಇದೆ ಕಣೋ.

ಹನುಮಂತನಗರದ ಸರ್ಕ್ಯುಲೇಟಿಂಗ್ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಎಷ್ಟು ಕಿತ್ತಾಡಿದ್ದೀವಿ ನಾವು! ನೀನು ಡಿಸಿ ಪಾರ್ಟಿ, ನಾನು ಅದರ ಎದುರಾಳಿ ಕಂಪನಿ ಮಾರ್ವೆಲ್ ಪಾರ್ಟಿ. ನಿನ್ನ ಪ್ರಶ್ನೆ ಯಾವಾಗಲೂ ಒಂದೇ. "ಸೂಪರ್‌ಮ್ಯಾನ್ 1938ರಲ್ಲೇ ಬಂದ, ಬ್ಯಾಟ್‌ಮ್ಯಾನ್ 1939ರಲ್ಲಿ. ನಮ್ಮಜ್ಜಿಗೂ ಗೊತ್ತಿರೋ ಹೀರೋ ನಮ್ಮ ಕಡೆ ಇದ್ದಾನೆ. ಆದ್ರೂ ಯಾರ ಫ್ಯಾನ್ ಅಂತ ಕೇಳಿದ್ರೆ ನಮ್ಮೋರು ಹೀರೋ ಹೆಸರು ಹೇಳ್ತಾರೆ, ನಿಮ್ಮೋರು ಮಾತ್ರ ಕಂಪನಿ ಹೆಸರು ಹೇಳ್ತಾರಲ್ಲ, ಯಾಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಸೂಪರ್‌ಮ್ಯಾನ್ ಪ್ಯಾಂಟ್ ಮೇಲೆ ಚಡ್ಡಿ ಹಾಕ್ತಾನೆ ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಉತ್ತರ ಹೊಳೆದಿದೆ. ಮೂವತ್ತು ವರ್ಷ ತಡವಾಯಿತು ಅಂತ ನಗಬೇಡ.

ನಮ್ಮ ಪುಸ್ತಕಗಳು ಎಲ್ಲಿಂದ ಬರುತ್ತಿದ್ದವು ಹೇಳು. ಅವೆನ್ಯೂ ರೋಡ್ ಫುಟ್‌ಪಾತ್‌ನಿಂದ. ಗೈಡುಗಳ ರಾಶಿಯ ಕೆಳಗೆ ಕೈ ಹಾಕಿದರೆ ಒಂದೊಂದು ಸಿಗುತ್ತಿತ್ತು. ಅದೂ ವರಸೆಯಾಗಿ ಅಲ್ಲ. ಕಥೆಯ ಮೂರನೇ ಭಾಗ ಸಿಕ್ಕರೆ ಮೊದಲನೆಯದು ಇಲ್ಲ, ಎರಡನೆಯದು ಸಿಕ್ಕರೆ ಕೊನೆಯದು ಇಲ್ಲ. ಸ್ಪೈಡರ್‌ಮ್ಯಾನ್ ಕಟ್ಟಡದಿಂದ ಕೆಳಗೆ ಬೀಳುತ್ತಿದ್ದಾನೆ, ಮುಂದಿನ ತಿಂಗಳು ನೋಡಿ ಅಂತ ಇದೆ, ನಮ್ಮ ಪಾಲಿಗೆ ಅವನು ಇವತ್ತಿಗೂ ಬೀಳುತ್ತಲೇ ಇದ್ದಾನೆ. ಆದರೆ ಮಾರ್ವೆಲ್ ಪುಸ್ತಕದಲ್ಲಿ ಒಂದು ವಿಶೇಷ ಇತ್ತು. ಯಾರಾದರೂ ಹಳೇ ವಿಷಯ ಎತ್ತಿದರೆ ಮಾತಿನ ಪಕ್ಕ ಒಂದು ಪುಟ್ಟ ನಕ್ಷತ್ರ, ಚಿತ್ರದ ಕೆಳಗೆ ಪುಟ್ಟ ಬಾಕ್ಸ್: ಇದು ನಡೆದದ್ದು ಇಂಥ ಪುಸ್ತಕದ ಇಂಥ ನಂಬರಿನಲ್ಲಿ. ಎಷ್ಟೋ ಸಲ ಕೆಳಗೆ ಎಡಿಟರ್ ಸಹಿ. ಆ ನಂಬರ್ ನಮಗೆ ಈ ಜನ್ಮದಲ್ಲಿ ಸಿಗೋದಿಲ್ಲ ಅಂತ ಗೊತ್ತಿತ್ತು. ಆದರೂ ನಾನು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಎಲ್ಲೋ ಒಬ್ಬ ಮನುಷ್ಯ ಇದೆಲ್ಲದರ ಲೆಕ್ಕ ಇಟ್ಟಿದ್ದಾನೆ, ನಾನು ಓದಿದ್ದು ಸುಮ್ನೆ ಹೋಗಿಲ್ಲ ಅನ್ನಿಸುತ್ತಿತ್ತು. ಡಿಸಿಯಲ್ಲೂ ಆಮೇಲೆ ಆ ಬಾಕ್ಸ್ ಬಂತು, ಒಪ್ಪುತ್ತೇನೆ. ಅದನ್ನು ಚಟ ಮಾಡಿಕೊಂಡವರು ಮಾತ್ರ ಮಾರ್ವೆಲ್‌ನವರು.

ನನ್ನ ಉತ್ತರ ಇಷ್ಟೇ ಕಣೋ. ಓದುಗ ನೆನಪಿಟ್ಟುಕೊಂಡದ್ದನ್ನು ಕಂಪನಿಯೂ ನೆನಪಿಟ್ಟುಕೊಂಡರೆ ಅವನು ಅಲ್ಲೇ ಉಳಿಯುತ್ತಾನೆ. ಹೀರೋ ಎಷ್ಟು ಬಲಶಾಲಿ ಅನ್ನೋದು ಆಮೇಲಿನ ಮಾತು.

ತಮಾಷೆ ಏನು ಗೊತ್ತಾ, ಇದು ಯಾರೋ ಕೂತು ಪ್ಲಾನ್ ಮಾಡಿದ್ದಲ್ಲ. 1950ರ ದಶಕದ ಕೊನೆಗೆ ಮಾರ್ವೆಲ್ ಕಂಪನಿಗೆ ತನ್ನ ಪುಸ್ತಕ ಹಂಚೋಕೆ ದಾರಿ ಇರಲಿಲ್ಲ. ಹೋಗಿ ಬಿದ್ದದ್ದು ಡಿಸಿಯ ಮಾಲೀಕರದ್ದೇ ಡಿಸ್ಟ್ರಿಬ್ಯೂಷನ್ ಕಂಪನಿಯ ಕೈಗೆ. ಅವರು ಬಿಡುತ್ತಾರಾ? ತಿಂಗಳಿಗೆ ಸುಮಾರು 8 ಪುಸ್ತಕ, ಜಾಸ್ತಿ ಇಲ್ಲ ಅಂದರು. ಹಾಗಾಗಿ 1961ರಲ್ಲಿ ಫೆಂಟಾಸ್ಟಿಕ್ ಫೋರ್, 1962ರಲ್ಲಿ ಸ್ಪೈಡರ್‌ಮ್ಯಾನ್ ಬಂದಾಗ ಇಡೀ ಅಂಗಡಿಯೇ ಚಿಕ್ಕದು. ಬಹುಪಾಲು ಕಥೆಗಳ ಮಾತು ಬರೆಯೋನು ಸ್ಟ್ಯಾನ್ ಲೀ ಒಬ್ಬನೇ, ಚಿತ್ರಕ್ಕೆ ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ, ಇನ್ನು ಕೆಲವರು. ಹೆಚ್ಚಿನ ಹೀರೋಗಳು ನ್ಯೂಯಾರ್ಕ್‌ನಲ್ಲೇ ವಾಸ. ಒಂದೇ ವಠಾರದಲ್ಲಿದ್ದ ಹಾಗೆ, ಒಬ್ಬರ ಮನೆ ಗಲಾಟೆ ಇನ್ನೊಬ್ಬರಿಗೆ ಕೇಳಿಸಲೇಬೇಕು. ಪುಸ್ತಕ ಒಂದಕ್ಕೆ 12 ಸೆಂಟ್, ಅಂದರೆ ಒಬ್ಬ ಹುಡುಗ ತಿಂಗಳಿಗೆ ಹೆಚ್ಚು ಕಡಿಮೆ ಒಂದು ಡಾಲರ್ ಕೂಡಿಸಿದರೆ ಎಲ್ಲವನ್ನೂ ಓದಬಹುದಿತ್ತು. ಎಲ್ಲವನ್ನೂ! ನಿಮ್ಮ ಡಿಸಿಯಲ್ಲಿ ಆಗ ಸೂಪರ್‌ಮ್ಯಾನ್ ಪುಸ್ತಕಗಳಿಗೆ ಒಬ್ಬ ಎಡಿಟರ್, ಫ್ಲ್ಯಾಶ್‌ಗೆ ಇನ್ನೊಬ್ಬ, ಅವರವರ ಪಾಳೆಯಪಟ್ಟು ಅವರವರಿಗೆ. ಮಾರ್ವೆಲ್ ಪೂರ್ತಿ ಓದಿದ ಹುಡುಗ ಕಂಪನಿಯ ಹೆಸರು ಹೇಳದೆ ಇನ್ನೇನು ಹೇಳುತ್ತಾನೆ? ನಿಮ್ಮ ಮಾಲೀಕರು ಕುತ್ತಿಗೆ ಹಿಡಿದದ್ದೇ ನಮಗೆ ಉಪಕಾರ ಆಯಿತು.

ಮತ್ತೆ ಆ ತಪ್ಪುಗಳು. ಸ್ಟ್ಯಾನ್ ಲೀಗೆ ಹೆಸರು ಮರೆಯುವ ರೋಗ. ಹಲ್ಕ್ ಆಗುವ ವಿಜ್ಞಾನಿ ಬ್ರೂಸ್ ಬ್ಯಾನರ್ ಅಂತ ತಾನೇ ಬರೆದು, ಆಮೇಲೆ ಬಾಬ್ ಬ್ಯಾನರ್ ಅಂತ ಬರೆದುಬಿಟ್ಟ. ಓದುಗರು ಬಿಡಲಿಲ್ಲ, ಕಾಗದದ ಮೇಲೆ ಕಾಗದ. ಬೇರೆಯವರಾಗಿದ್ದರೆ ಮುದ್ರಣ ದೋಷ ಅಂದು ಕೈ ತೊಳೆದುಕೊಳ್ಳುತ್ತಿದ್ದರು. ಈತ ಪತ್ರಗಳ ಪುಟದಲ್ಲೇ ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಅಂತ ಉತ್ತರ ಕೊಟ್ಟ. ಬಾಬ್ ಅಂದರೆ ರಾಬರ್ಟ್, ಎರಡೂ ಸರಿ! ಇವತ್ತಿಗೂ ಅವನ ಹೆಸರು ಅದೇ. ಯಾವುದೋ ಊರಿನ ಹುಡುಗ ಹಿಡಿದ ತಪ್ಪು ಕಥೆಯ ಒಳಗೇ ಸೇರಿಹೋಯಿತು. ತಪ್ಪು ಹಿಡಿದವರಿಗೆ "ನೋ-ಪ್ರೈಜ್" ಅಂತ ಬಹುಮಾನ ಬೇರೆ. ಚಂದದ ಲಕೋಟೆ ಅಂಚೆಯಲ್ಲಿ ಬರುತ್ತದೆ, ಅಭಿನಂದನೆಗಳು, ಇದರೊಳಗೆ ನೀವು ಗೆದ್ದ ನೋ-ಪ್ರೈಜ್ ಇದೆ ಅಂತ ಮೇಲೆ ಅಚ್ಚಾಗಿರುತ್ತದೆ, ತೆರೆದರೆ ಒಳಗೆ ಏನೂ ಇಲ್ಲ. ಬರೀ ಖಾಲಿ. ಬರುಬರುತ್ತಾ ತಪ್ಪು ಹಿಡಿಯೋದು ಸಾಲದು, ಅದು ಯಾಕೆ ತಪ್ಪಲ್ಲ ಅಂತ ಜಾಣತನದಿಂದ ವಿವರಿಸಿದವರಿಗೇ ಆ ಲಕೋಟೆ ಅಂತ ಆಯಿತು. ಎಂಥ ಐಡಿಯಾ ನೋಡು. ಕಂಪನಿಯ ತಪ್ಪಿಗೆ ಓದುಗನೇ ವಕೀಲ!

ನಿನಗೆ ಅನ್ಯಾಯ ಆಗಬಾರದು, ಒಂದು ಮಾತು ನಿನ್ನ ಕಡೆಯಿಂದಲೂ ಹೇಳುತ್ತೇನೆ. ಓದುಗರು ಒಬ್ಬರಿಗೊಬ್ಬರು ಗೊತ್ತಾದದ್ದೇ ಡಿಸಿಯಿಂದ. ಅಲ್ಲಿನ ಎಡಿಟರ್ ಜೂಲಿಯಸ್ ಶ್ವಾರ್ಟ್ಜ್ ಪತ್ರಗಳ ಕೆಳಗೆ ಬರೆದವರ ಪೂರ್ತಿ ವಿಳಾಸ ಅಚ್ಚು ಹಾಕುತ್ತಿದ್ದ. ಅದನ್ನು ನೋಡಿ ಅವರು ತಮ್ಮ ತಮ್ಮಲ್ಲೇ ಕಾಗದ ಬರೆದುಕೊಂಡರು. 1961ರಲ್ಲಿ ಜೆರ್ರಿ ಬೇಲ್ಸ್ ಅನ್ನೋ ಕಾಲೇಜು ಮೇಷ್ಟ್ರು ಆಲ್ಟರ್ ಈಗೋ ಅಂತ ಅಭಿಮಾನಿಗಳ ಪತ್ರಿಕೆಯನ್ನೇ ಹೊರತಂದ. ಅದರಲ್ಲಿ ಅವನ ಜೊತೆಗಿದ್ದ ರಾಯ್ ಥಾಮಸ್ ಮುಂದೆ ಮಾರ್ವೆಲ್ ಸೇರಿ ಅಲ್ಲಿನ ಮುಖ್ಯ ಎಡಿಟರ್ ಆದ. ಸಸಿ ನೆಟ್ಟವರು ನೀವು, ಹಣ್ಣು ತಿಂದವರು ನಾವು. ಬೇಜಾರು ಮಾಡ್ಕೋಬೇಡ.

ಆದರೆ ಅದೇ ಡಿಸಿ 1988ರಲ್ಲಿ ಏನು ಮಾಡಿತು? ಬ್ಯಾಟ್‌ಮ್ಯಾನ್ ಜೊತೆಗಾರ ಹುಡುಗ, ಎರಡನೇ ರಾಬಿನ್ ಜೇಸನ್ ಟಾಡ್ ಬದುಕಬೇಕಾ ಸಾಯಬೇಕಾ, ಫೋನ್ ಮಾಡಿ ಹೇಳಿ ಅಂದಿತು. ಒಂದು ಕರೆಗೆ 50 ಸೆಂಟ್. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ವೋಟಿನಲ್ಲಿ ಹುಡುಗ ಸತ್ತ. ಓದುಗರ ಮಾತು ಕೇಳಿದರಲ್ಲ ಅಂತ ನೀನು ವಾದ ಮಾಡುತ್ತಿದ್ದೆ. ನನಗೆ ಹಾಗೆ ಅನ್ನಿಸೋದಿಲ್ಲ. ಮಾತು ಕೇಳೋದು ಬೇರೆ, ವೋಟು ಹಾಕಿಸಿ ಕೊಲೆಯ ಪಾಪ ನಮ್ಮ ತಲೆಗೆ ಕಟ್ಟೋದು ಬೇರೆ.

2011 ನೆನಪಿದೆಯಾ? ಡಿಸಿಯವರು ಎಲ್ಲವನ್ನೂ ನಿಲ್ಲಿಸಿ 52 ಪುಸ್ತಕಗಳನ್ನು ಮತ್ತೆ ಒಂದನೇ ನಂಬರಿನಿಂದ ಶುರು ಮಾಡಿದರು. ಪುಣೆಯಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದೆ ನೀನು. "ಸೂಪರ್‌ಮ್ಯಾನ್‌ಗೆ ಮದುವೆನೇ ಆಗಿಲ್ಲವಂತೆ ಕಣೋ!" 1996ರಲ್ಲಿ ಲೋಯಿಸ್ ಜೊತೆ ನಡೆದ ಮದುವೆ, ಅದಾದ ಮೇಲಿನ ಹದಿನೈದು ವರ್ಷದ ಸಂಸಾರ, ಎಲ್ಲ ಒರೆಸಿಹಾಕಿದ್ದರು. ನಾನು ನಕ್ಕೆ. ನೀನು ನಗಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟುಬಿಟ್ಟೆ. ಆಮೇಲೆ 2016ರಲ್ಲಿ ಅವರೇ ಹಳೇ ನಂಟುಗಳನ್ನು ಒಂದೊಂದಾಗಿ ವಾಪಸ್ ತಂದರು. ಅಷ್ಟರಲ್ಲಿ ನೀನು ಓದೋದೇ ಬಿಟ್ಟಿದ್ದೆ.

ಹಾಗಂತ ನಮ್ಮವರು ಸಾಚಾ ಅಂತ ನಾನು ಹೇಳೋದಿಲ್ಲ. 1991ರ ಎಕ್ಸ್-ಮೆನ್ ಒಂದನೇ ನಂಬರ್ ಐದು ಬೇರೆ ಬೇರೆ ಕವರ್ ಹಾಕಿಕೊಂಡು ಬಂತು. ಒಳಗಿನ ಕಥೆ ಒಂದೇ. 80 ಲಕ್ಷದ ಆಸುಪಾಸು ಪ್ರತಿ ಹೋಯಿತು ಅಂತ ಲೆಕ್ಕ, ಆದರೆ ಕೊಂಡವರಲ್ಲಿ ಎಷ್ಟೋ ಜನ ಓದೋಕೆ ಕೊಂಡವರಲ್ಲ, ಮುಂದೆ ಮಾರೋಕೆ ಕೊಂಡವರು. ಸೈಟು ಕೊಂಡು ಬೇಲಿ ಹಾಕಿ ಬಿಟ್ಟ ಹಾಗೆ. ಮರುವರ್ಷವೇ ಟಾಡ್ ಮ್ಯಾಕ್‌ಫಾರ್ಲೇನ್, ಜಿಮ್ ಲೀ ಸೇರಿ ಏಳು ಜನ ಸ್ಟಾರ್ ಕಲಾವಿದರು ಮಾರ್ವೆಲ್ ಬಿಟ್ಟು ಹೊರಟು, ನಾವು ಬರೆದದ್ದರ ಹಕ್ಕು ನಮಗೇ ಇರಲಿ ಅಂತ ಇಮೇಜ್ ಕಾಮಿಕ್ಸ್ ಕಟ್ಟಿದರು. ಓದುಗರೂ ಅವರ ಹಿಂದೆ ಹೋದರು. ಜ್ಯಾಕ್ ಕರ್ಬಿಗೆ ಅವನೇ ಬರೆದ ಚಿತ್ರಗಳ ಮೂಲ ಹಾಳೆ ವಾಪಸ್ ಕೊಡೋಕೆ 1987ರ ತನಕ ಎಳೆದಾಡಿದ ಕಂಪನಿ ಮಾರ್ವೆಲ್, ಅದೂ ಸಿಕ್ಕಿದ್ದು ಒಂದು ಪಾಲು ಮಾತ್ರ. ಓದುಗರ ಜೊತೆ ಅಷ್ಟು ಚಂದ ಮಾತಾಡಿದವರು ಬರೆದವನನ್ನೇ ಮರೆತರು. 1996ರ ಕೊನೆಗೆ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಆ ಸುದ್ದಿ ನಿನಗೆ ಆಗ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಮೆಟ್ಟಿಲ ಮೇಲೆ ನನ್ನನ್ನು ಉಳಿಸುತ್ತಿರಲಿಲ್ಲ.

ನಮ್ಮ ದೇಶದ್ದೂ ಇದೇ ಕಥೆ. 2004ರಲ್ಲಿ ಇಂಡಿಯಾದ ಸ್ಪೈಡರ್‌ಮ್ಯಾನ್ ಬಂದಾಗ, ಪವಿತ್ರ್ ಪ್ರಭಾಕರ್, ಪಂಚೆ ಉಟ್ಟುಕೊಂಡು ಮುಂಬೈನಲ್ಲಿ ನೇತಾಡುತ್ತಿದ್ದವನು, ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಈಗ ಮತ್ತೆ ಓದಿದೆ. ಅಷ್ಟೇನೂ ಕೆಟ್ಟದ್ದಲ್ಲ ಕಣೋ. ಆದರೆ ನಾಲ್ಕೇ ಸಂಚಿಕೆ. ನಾಲ್ಕು ಸಂಚಿಕೆಯಲ್ಲಿ ಏನಂತ ನೆನಪಿಟ್ಟುಕೊಳ್ಳೋದು? ಅಮರ ಚಿತ್ರ ಕಥೆಯ ದಾರಿಯೇ ಬೇರೆ, ಒಂದೊಂದು ಪುಸ್ತಕವೂ ಅಲ್ಲಲ್ಲೇ ಮುಗಿಯುತ್ತದೆ. ಅದರ ನಿಷ್ಠಾವಂತರು ನಾವಲ್ಲ, ನಮ್ಮ ಅಪ್ಪಂದಿರು, ಕೇಳಿದ ತಕ್ಷಣ ಕೊಡಿಸುತ್ತಿದ್ದರು. (ಅದು ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ನಮ್ಮ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ. ಇದನ್ನು ಆಫೀಸಿನಲ್ಲಿ ಹೇಳಿದರೆ ಒಬ್ಬರೂ ನಂಬೋದಿಲ್ಲ.)

ನಿಜವಾದ ನಿಷ್ಠೆ ನೋಡಬೇಕಾದರೆ ಹಲಸೂರಿನಲ್ಲಿರೋ ನನ್ನ ಸಹೋದ್ಯೋಗಿಯ ಮನೆಗೆ ಬಾ. ತಮಿಳಿನ ಮುತ್ತು ಕಾಮಿಕ್ಸ್ 1972ರಿಂದ, ಲಯನ್ ಕಾಮಿಕ್ಸ್ 1984ರಿಂದ, ಎರಡೂ ಶಿವಕಾಶಿಯಿಂದ ಬರುತ್ತವೆ. ಒಳಗಿರೋದು ಹೆಚ್ಚಾಗಿ ಯೂರೋಪಿನ ಹೀರೋಗಳೇ, ಸ್ವಂತ ಹೀರೋ ಅಂತ ಹೇಳಿಕೊಳ್ಳೋಕೆ ಇಲ್ಲ. ಆದರೂ ಈ ಮನುಷ್ಯ ವರ್ಷದ ಚಂದಾ ಮೊದಲೇ ಕಟ್ಟುತ್ತಾರೆ. ಪಾರ್ಸೆಲ್ ಬಂದರೆ ಕಥೆಗಿಂತ ಮುಂಚೆ ಎಡಿಟರ್ ವಿಜಯನ್ ಓದುಗರಿಗೆ ಬರೆದದ್ದನ್ನು ಓದುತ್ತಾರೆ. "ಅವರು ನಮ್ಮ ಹತ್ರ ಮಾತಾಡ್ತಾರೆ ಸಾರ್, ಅಷ್ಟು ಸಾಕು" ಅಂದರು. ನನಗೆ ಹೊಟ್ಟೆ ಉರಿಯಿತು. ಕನ್ನಡದಲ್ಲಿ ನನಗೆ ಹಾಗೆ ಕಾಗದ ಬರೆಯೋ ಎಡಿಟರ್ ಸಿಗಲೇ ಇಲ್ಲವಲ್ಲ ಅಂತ.

ಸರಿ, ಈಗ ಅಸಲು ವಿಷಯಕ್ಕೆ ಬರುತ್ತೇನೆ.

ನಿನ್ನ ಡಬ್ಬದ ತಳದಲ್ಲಿ, ಬ್ಯಾಟ್‌ಮ್ಯಾನ್‌ಗಳ ಕೆಳಗೆ, ಒಂದು ಸ್ಪೈಡರ್‌ಮ್ಯಾನ್ ಇತ್ತು. ಕೊನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ನನ್ನ ಹೆಸರು, 8ನೇ ಕ್ಲಾಸ್, 'ಬಿ' ಸೆಕ್ಷನ್. ಅದೇ ಪುಸ್ತಕ. ಕಳೆದುಹೋಯಿತು ಅಂತ ನಾನು ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆನಲ್ಲ, ನೀನು ಗಣೇಶನ ಗುಡಿ ಮುಂದೆ ನಿಂತು ನಾನು ಮುಟ್ಟೇ ಇಲ್ಲ ಅಂತ ಆಣೆ ಮಾಡಿದ್ದೆಯಲ್ಲ, ಅದೇ.

ಬೈಯೋದಿಲ್ಲ. ಒಂದು ಅವಕಾಶ ಕೊಡುತ್ತೇನೆ. ನೀನು ಕದ್ದಿಲ್ಲ, ಆಣೆಯೂ ಸುಳ್ಳಲ್ಲ, ಆದರೂ ಅದು ನಿನ್ನ ಡಬ್ಬದೊಳಗೆ ಹೇಗೆ ಬಂತು ಅಂತ ನಂಬುವ ಹಾಗೆ ವಿವರಿಸಿ ಬರಿ. ವಿವರಣೆ ಚೆನ್ನಾಗಿದ್ದರೆ ಒಂದು ಲಕೋಟೆ ಅಂಚೆಗೆ ಹಾಕುತ್ತೇನೆ. ಪುಣೆ ವಿಳಾಸ ಹಳೇದೇ ತಾನೇ?

ನಿನ್ನ,
'ಬಿ' ಸೆಕ್ಷನ್‌ನವನು