ಎಚ್‌ಆರ್‌ವಿ ಅಂಕಿ ಕೆಟ್ಟಿದೆ, ಅದರ ಹಿಂದಿನ ಲೆಕ್ಕ ತೋರಿಸಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ನಿಮ್ಮ ಕೈಪಟ್ಟಿಯನ್ನು ನಾನು ಕೊಂಡಿದ್ದೇ ಎಚ್‌ಆರ್‌ವಿ ನೋಡಲು, ಅಂದರೆ ಒಂದು ಹೃದಯ ಬಡಿತದಿಂದ ಇನ್ನೊಂದಕ್ಕೆ ಇರುವ ಅಂತರ ಎಷ್ಟು ಏರಿಳಿಯುತ್ತದೆ ಎಂಬ ಅಳತೆ ನೋಡಲು. ಕಳೆದ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಅದರ ಅಂಕಿಗಳು ಯದ್ವಾತದ್ವಾ ಆಗಿವೆ. ರಾತ್ರಿ ಹೊತ್ತು 35 ಮಿಲಿಸೆಕೆಂಡ್‌ ಆಸುಪಾಸು ಇರುತ್ತಿದ್ದದ್ದು ಈಗ 70, 80 ಎನ್ನುತ್ತದೆ. ಅದೇ ಹೊತ್ತಿಗೆ ಎದೆಗೆ ಕಟ್ಟಿದ ಇಸಿಜಿ ಪಟ್ಟಿ ಹಳೆಯ ಮಟ್ಟವನ್ನೇ ತೋರಿಸುತ್ತದೆ. ಜ್ವರದಲ್ಲಿ ಮಲಗಿದ್ದ ರಾತ್ರಿಯ ಮರುದಿನವೂ ಈ ಹೆಚ್ಚಿನ ಅಂಕಿ ನೋಡಿ ನಿಮ್ಮ ಆ್ಯಪ್ "ದೇಹ ಚೆನ್ನಾಗಿ ಚೇತರಿಸಿಕೊಂಡಿದೆ, ಜೋರಾಗಿ ವ್ಯಾಯಾಮ ಮಾಡಿ" ಎಂದಿತು. ಇದನ್ನು ನಂಬಿ ಯಾರಾದರೂ ಓಡಲು ಹೋದರೆ?

ದೂರು ಕೊಟ್ಟಾಗ ಬಂದ ಉತ್ತರ, "ಪಟ್ಟಿ ಬಿಗಿಯಾಗಿ ಕಟ್ಟಿಕೊಳ್ಳಿ". ಕಟ್ಟಿಕೊಂಡೆ. ಏನೂ ಬದಲಾಗಲಿಲ್ಲ.

ಕೈಪಟ್ಟಿ ಮಾಡುವಂತೆ ಹಸಿರು ಬೆಳಕಿನಿಂದ ನಾಡಿ ಹಿಡಿಯುವುದು ಸುಲಭವಲ್ಲ, ಒಪ್ಪುತ್ತೇನೆ. ಇಸಿಜಿಯಲ್ಲಿ ಬಡಿತದ ತುದಿ ಚೂಪು. ಮಣಿಕಟ್ಟಿನ ನಾಡಿ ಅಲೆಯದ್ದು ದುಂಡಗೆ, ಅದರ ನೆತ್ತಿ ಎಲ್ಲಿದೆ ಎಂದು ಹುಡುಕಬೇಕು. ಕೈ ತಣ್ಣಗಿದ್ದರೆ, ಮಗ್ಗುಲು ಬದಲಿಸಿದರೆ ಸಿಗ್ನಲ್ ಇನ್ನೂ ಕೆಡುತ್ತದೆ. ನಿಮಿಷದ ಸರಾಸರಿ ಬಡಿತ ಹೇಳಲು ಇಂಥ ಸಣ್ಣಪುಟ್ಟ ತಪ್ಪು ಅಡ್ಡಿಯಾಗದು. ಎಚ್‌ಆರ್‌ವಿಗೆ ಹಾಗಲ್ಲ.

ಐದು ನಿಮಿಷದ ಒಂದು ಅಳತೆ ತೆಗೆದುಕೊಳ್ಳಿ. ನಿಮಿಷಕ್ಕೆ 60 ಬಡಿತ, ನಿಜವಾದ ಆರ್‌ಎಂಎಸ್‌ಎಸ್‌ಡಿ (ಅಕ್ಕಪಕ್ಕದ ಅಂತರಗಳ ವ್ಯತ್ಯಾಸದಿಂದ ಎಚ್‌ಆರ್‌ವಿ ಅಳೆಯುವ ಲೆಕ್ಕ) 30 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಸೆನ್ಸರ್ ಒಂದೇ ಒಂದು ಬಡಿತ ಬಿಟ್ಟರೂ ಸಾಕು, ಒಂದು ಅಂತರ 1000ದ ಬದಲು 2000 ಮಿಲಿಸೆಕೆಂಡ್ ಆಗುತ್ತದೆ. ವ್ಯತ್ಯಾಸಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿಯುವ ಲೆಕ್ಕ ಇದು, ಅಲ್ವಾ? ಉತ್ತರ 85 ದಾಟುತ್ತದೆ! ಅಪ್‌ಡೇಟ್ ಆದ ಮೇಲೆ ಇಂಥ ತಪ್ಪು ಅಂತರಗಳನ್ನು ನೀವು ಸೋಸುತ್ತಿಲ್ಲ ಎಂಬುದು ನನ್ನ ಬಲವಾದ ಅನುಮಾನ. ಇಲ್ಲವೇ, ಹೇಳದೆ ಕೇಳದೆ ಎಸ್‌ಡಿಎನ್‌ಎನ್ ಲೆಕ್ಕಕ್ಕೆ (ಎಲ್ಲ ಅಂತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ) ಬದಲಾಯಿಸಿರಬಹುದು. ಎರಡೂ ಮಿಲಿಸೆಕೆಂಡ್‌ನಲ್ಲೇ ಬರುತ್ತವೆ, ಆದರೆ ಒಂದನ್ನು ಇನ್ನೊಂದಕ್ಕೆ ಹೋಲಿಸುವಂತಿಲ್ಲ. ಯಾವುದು ನಿಜ ಎಂದು ನೋಡಲು ನೀವು ದಾರಿಯನ್ನೇ ಇಟ್ಟಿಲ್ಲ. ತೋರಿಸುವುದು ಬರೀ ಒಂದು ಅಂಕಿ, ಪಕ್ಕದಲ್ಲೊಂದು ಹಸಿರು ಚುಕ್ಕಿ. ನನಗೆ ಜಾಸ್ತಿ ಬೇಸರ ತಂದಿರುವುದು ಇದೇ. ಅದು ನನ್ನ ದೇಹದ ಅಳತೆ.

ಆದ್ದರಿಂದ ಬಡಿತದಿಂದ ಬಡಿತಕ್ಕೆ ಇರುವ ಅಂತರಗಳ ಪೂರ್ತಿ ಪಟ್ಟಿಯನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಿಡಿ. ಯಾವ ಲೆಕ್ಕ ಬಳಸುತ್ತೀರಿ, ಎಷ್ಟು ಬಡಿತ ಕೈಬಿಟ್ಟಿರಿ ಎಂಬುದು ಪ್ರತಿ ಅಂಕಿಯ ಜೊತೆಗೇ ಕಾಣಲಿ. ಸಿಗ್ನಲ್ ಕೆಟ್ಟ ರಾತ್ರಿ "ಅಳೆಯಲಾಗಲಿಲ್ಲ" ಎಂದು ಬರೆಯಿರಿ, ಸುಮ್ನೆ ಅಂಕಿ ಕೊಡಬೇಡಿ. 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಇದು ಆಗದ ಮಾತಾದರೆ ಕೈಪಟ್ಟಿ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಹಿಂದಿರುಗಿಸಿ.

ಇಂತಿ,
ನಿಮ್ಮ ಗ್ರಾಹಕ