ಮಜ್ಜಿಗೆ ಬಿಸ್ಕತ್ತಿಗೆ ನೀರುಮಜ್ಜಿಗೆ ಆಗದು

ಮಾನ್ಯ ಸಂಪಾದಕರಿಗೆ,

ಈಸ್ಟ್ ಹಾಕಿದ ಮಜ್ಜಿಗೆ ಬಿಸ್ಕತ್ತು ಮಾಡುವ ಕ್ರಮ ಅಡುಗೆ ಪುಟಗಳಲ್ಲಿ ಆಗಾಗ ಬರುತ್ತದೆ. ಇದು ಚಹಾದ ಜೊತೆಗಿನ ಗರಿಗರಿ ಬಿಸ್ಕತ್ತಲ್ಲ, ಪದರವಾಗಿ ಉಬ್ಬುವ ಮೆತ್ತನೆಯ ಅಮೆರಿಕನ್ ತಿಂಡಿ. ಹೆಚ್ಚಿನವು ಅಮೆರಿಕದ ಅಳತೆಯನ್ನು ಹಾಗೆಯೇ ಇಳಿಸಿದಂಥವು. ಅಲ್ಲಿನ ಅಂಗಡಿ ಮಜ್ಜಿಗೆ ಹಾಲಿಗೆ ಹೆಪ್ಪು ಹಾಕಿ ಮಾಡಿದ್ದು, ಮಂದ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಕಡೆದು ಬೆಣ್ಣೆ ತೆಗೆದ ನೀರುಮಜ್ಜಿಗೆಯನ್ನು ಅಷ್ಟೇ ಸುರಿದರೆ ಹಿಟ್ಟು ಕೈಗೆ ಮೆತ್ತುತ್ತದೆ. ಆಮೇಲೆ ಮೈದಾ ಸೇರಿಸಿ ನಾದಿದರಂತೂ ಬಿಸ್ಕತ್ತು ಬಿರುಸು.

150 ಮಿ.ಲೀ. ಹುಳಿ ಮೊಸರಿಗೆ 50 ಮಿ.ಲೀ. ನೀರು ಹಾಕಿ ಕದಡಿದರೆ ಸರಿಯಾದ ಹದ. ಇದಕ್ಕೆ 300 ಗ್ರಾಂ ಮೈದಾ, 25 ಗ್ರಾಂ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, 100 ಗ್ರಾಂ ಬೆಣ್ಣೆ. ಒಂದು ಟೀ ಚಮಚ ಈಸ್ಟನ್ನು ಎರಡು ದೊಡ್ಡ ಚಮಚ ಉಗುರುಬೆಚ್ಚಗಿನ ನೀರಲ್ಲಿ ಚಿಟಿಕೆ ಸಕ್ಕರೆಯೊಂದಿಗೆ ನೆನೆಸಿ. 10 ನಿಮಿಷದಲ್ಲಿ ನೊರೆ ಬಾರದಿದ್ದರೆ ಆ ಈಸ್ಟ್ ಸತ್ತಿದೆ, ಚೆಲ್ಲಿಬಿಡಿ. ಬೆಣ್ಣೆ ಉಪ್ಪಿನದಾದರೆ ಬೇರೆ ಉಪ್ಪು ಚಿಟಿಕೆ ಸಾಕು. ಹುಳಿಯನ್ನು ಮುರಿಯುವುದು ಸೋಡಾ. ಅದು ಹೆಚ್ಚಾದರೆ ಸಾಬೂನಿನ ರುಚಿ, ಹಳದಿ ಚುಕ್ಕೆ.

ನಮ್ಮ ಕರಾವಳಿಯಲ್ಲಿ ಕೆಡುವುದು ಹೆಚ್ಚಾಗಿ ಬೆಣ್ಣೆಯಿಂದ. ಎಪ್ರಿಲ್ ಸೆಕೆಗೆ ಅದು ಕರಗಿ ಹಿಟ್ಟಿನಲ್ಲಿ ಬೆರೆತುಹೋಗುತ್ತದೆ. ಪದರ ಏಳುವುದಿಲ್ಲ, ತಟ್ಟೆಯಲ್ಲಿ ಎಣ್ಣೆ ನಿಲ್ಲುತ್ತದೆ. ಫ್ರೀಜರಿನಲ್ಲಿಟ್ಟು ತುರಿದು, ಬೆರಳ ತುದಿಯಿಂದಷ್ಟೇ ಮೈದಾಕ್ಕೆ ಸೇರಿಸಿ. ಈಸ್ಟ್ ನೀರು, ಮೊಸರು ಹಾಕಿದ ಮೇಲೆ ಒಟ್ಟುಗೂಡಿಸಿದರೆ ಸಾಕು; ಬನ್ಸ್ ಹಿಟ್ಟಿನ ಹಾಗೆ ನಾದಬಾರದು. ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಬಳಿಕ ತಟ್ಟಿ, ಮೂರು ಬಾರಿ ಮಡಚಿ, 2 ಸೆಂ.ಮೀ. ದಪ್ಪಕ್ಕೆ ತನ್ನಿ.

ಸ್ಟೀಲ್ ಲೋಟದಿಂದ ಕತ್ತರಿಸುವ ಅಭ್ಯಾಸ ಹಲವರಿಗಿದೆ. ಅದರ ಸುರುಳಿ ಅಂಚು ಪದರಗಳನ್ನು ಒತ್ತಿ ಅಂಟಿಸುತ್ತದೆ, ಬದಿ ಏಳುವುದಿಲ್ಲ. ಹರಿತ ಚೂರಿಯಿಂದ ಚೌಕವಾಗಿ ಕತ್ತರಿಸುವುದೇ ಮೇಲು, ತುಣುಕೂ ಉಳಿಯದು. ಒಂದಕ್ಕೊಂದು ತಾಗಿಸಿ ಜೋಡಿಸಿದರೆ ಮೇಲಕ್ಕೆ ಏಳುತ್ತವೆ.

ಉಬ್ಬಲು ಬೇಸಿಗೆಯಲ್ಲಿ 25 ನಿಮಿಷ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ 45 ಬೇಕಾದೀತು. ಇಮ್ಮಡಿಯಾಗಲಿ ಎಂದು ಕಾಯಬೇಡಿ, ಒಳಗಿನ ಬೆಣ್ಣೆ ಕರಗುತ್ತದೆ. ಮೊದಲೇ ಕಾಯಿಸಿದ ಓವನ್ನಿನಲ್ಲಿ 210 ಡಿಗ್ರಿಗೆ ಸುಮಾರು 15 ನಿಮಿಷ.

ಮುಂದೆ ಇಂಥ ಕ್ರಮ ಅಚ್ಚು ಹಾಕುವಾಗ ಕಪ್ಪಿನ ಬದಲು ಗ್ರಾಂ ಅಳತೆ ಕೊಡಿ, ಮಜ್ಜಿಗೆ ಎಷ್ಟು ಮಂದ ಇರಬೇಕೆಂಬುದನ್ನೂ ಬರೆಯಿರಿ.

– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು